ಒಗಟಿನ ಪದಬಂಧ ಬಿಡಿಸುವುದು ಹೇಗೆ? ಸುಳಿವಿನ ಹೊಲಿಗೆಯಿಂದ ಗುಟ್ಟಿನ ಎಳೆಯವರೆಗೆ

ಮಾಮೂಲಿ ಪದಬಂಧವನ್ನು ಸಲೀಸಾಗಿ ತುಂಬುವವರೂ ಒಗಟಿನ ಪದಬಂಧದ ಮುಂದೆ ಮೂರು ಪದಕ್ಕೇ ನಿಂತುಬಿಡುತ್ತಾರೆ. “ಸುಳಿವು ಓದಿದರೆ ಏನೋ ಕಥೆ ಹೇಳಿದ ಹಾಗಿದೆ, ಇದರಲ್ಲಿ ಉತ್ತರ ಎಲ್ಲಿದೆ?” ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: “ಇಡೀ ಪದಬಂಧದಲ್ಲಿ ಒಂದು ಗುಟ್ಟಿನ ವಿಷಯ ಅಡಗಿದೆ ಅಂತಾರಲ್ಲ, ಅದನ್ನು ಹಿಡಿಯೋದು ಹೇಗೆ?” ಎರಡಕ್ಕೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದಕ್ಕೆ ವಿಶೇಷ ಬುದ್ಧಿವಂತಿಕೆಯಾಗಲಿ, ಭಾರೀ ಶಬ್ದಭಂಡಾರವಾಗಲಿ ಬೇಡ. ಬೇಕಾಗಿರುವುದು ಓದುವ ಕ್ರಮ ಬದಲಾಯಿಸುವುದು. ಅಷ್ಟು ಅಭ್ಯಾಸವಾದರೆ ಉಳಿದದ್ದು ತಾನಾಗಿ ಬರುತ್ತದೆ.

ಏನೇನು ಬೇಕು?

ಪೆನ್ಸಿಲ್, ರಬ್ಬರ್, ಗೀಚಲು ಒಂದು ಹಾಳೆ. ಪೆನ್ನು ಬೇಡವೇ ಬೇಡ. ಕೈಗೆಟಕುವಂತೆ ಒಂದು ಕನ್ನಡ ನಿಘಂಟು ಇರಲಿ. ಹಳೆಯ ಪದಗಳಿಗೆ 1894ರ ಕಿಟೆಲ್ ನಿಘಂಟು ಈಗಲೂ ಕೆಲಸಕ್ಕೆ ಬರುತ್ತದೆ. ಒಂದೇ ಅರ್ಥದ ಹಲವು ಪದ ಬೇಕೆಂದಾಗ ಅಮರಕೋಶಕ್ಕಿಂತ ಒಳ್ಳೆಯ ಗೆಳೆಯ ಇಲ್ಲ. ಆದರೆ ಮೊದಲ ಸುತ್ತು ಮುಗಿಯುವವರೆಗೂ ಇವೆರಡನ್ನೂ ತೆರೆಯಬೇಡಿ.

ಕೆಲವು ಮಾತುಗಳ ಅರ್ಥ

ಪದಬಂಧ ಮೊದಲು ಅಚ್ಚಾಗಿದ್ದು 1913ರ ಡಿಸೆಂಬರ್ 21ರಂದು, ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ. ರಚಿಸಿದವರು ಆರ್ಥರ್ ವಿನ್. ಅದರ ಸುಳಿವುಗಳೆಲ್ಲ ನೇರ. ಅರ್ಥ ಕೊಡುತ್ತಾರೆ, ಪದ ನೀವು ಹೇಳಬೇಕು. ಪದಗಳ ಜೊತೆ ಆಟ ಆಡುವ ಸುಳಿವು ಬೆಳೆದದ್ದು ಆಮೇಲೆ, 1920ರ ದಶಕದ ಇಂಗ್ಲೆಂಡಿನಲ್ಲಿ. ಅಂಥ ಸುಳಿವನ್ನು ಇಲ್ಲಿ ‘ಒಗಟಿನ ಸುಳಿವು’ ಎನ್ನುತ್ತೇನೆ. ಅದರಲ್ಲಿ ಎರಡು ಭಾಗ ಇರುತ್ತವೆ. ಉತ್ತರಕ್ಕೆ ಸಮಾನವಾದ ಮಾತು ‘ಅರ್ಥ’. ಉತ್ತರವನ್ನು ಅಕ್ಷರ ಅಕ್ಷರವಾಗಿ ಕಟ್ಟುವ ದಾರಿ ‘ಉಪಾಯ’. ಯಾವ ಉಪಾಯ ಎಂದು ಸನ್ನೆ ಮಾಡುವ ಪದ ‘ಸೂಚಕ’. ಕಟ್ಟಲು ಬಳಸುವ ಅಕ್ಷರಗಳು ‘ಕಚ್ಚಾ ಮಾಲು’. ಹಲವು ಉತ್ತರಗಳನ್ನು ಒಳಗೊಳಗೇ ಪೋಣಿಸುವ ವಿಷಯ ‘ಗುಟ್ಟಿನ ಎಳೆ’. ಇಷ್ಟು ಸಾಕು.

1. ಮೊದಲು ಚೌಕಗಳನ್ನು ನೋಡಿ

ಸುಳಿವಿಗೆ ಧುಮುಕುವ ಮೊದಲು ಒಂದು ನಿಮಿಷ ಚೌಕಗಳ ಮೇಲೆ ಕಣ್ಣಾಡಿಸಿ. ಉದ್ದದ ಉತ್ತರಗಳು ಎಲ್ಲಿವೆ? ಪದಬಂಧಕ್ಕೆ ಶೀರ್ಷಿಕೆ ಇದೆಯೇ? ಇದ್ದರೆ ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಸುಳಿವಿನ ಕೊನೆಯಲ್ಲಿರುವ ಸಂಖ್ಯೆ ಉತ್ತರದ ಅಕ್ಷರಗಳ ಸಂಖ್ಯೆ. ಕನ್ನಡದಲ್ಲಿ ಒಂದು ಚೌಕಕ್ಕೆ ಒಂದು ಪೂರ್ತಿ ಅಕ್ಷರ: ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ. ‘ಅಮ್ಮ’ ಎರಡು ಚೌಕ: ಅ, ಮ್ಮ. ‘ಪದಬಂಧ’ ನಾಲ್ಕು: ಪ, ದ, ಬಂ, ಧ. ‘ಬಸ್’ ಥರ ಅರ್ಧಾಕ್ಷರದಲ್ಲಿ ಮುಗಿಯುವ ಪದ ಬಂದರೆ ಕೊನೆಯ ‘ಸ್’ಗೆ ಬೇರೆ ಚೌಕ ಇದೆಯೋ ಇಲ್ಲವೋ ಎಂದು ಆ ಸಂಖ್ಯೆಯಿಂದಲೇ ತಿಳಿದುಕೊಳ್ಳಿ.

ಹೊಸಬರು ಎಡವುವುದು ಇಲ್ಲೇ ಜಾಸ್ತಿ. ಅಕ್ಷರಗಳನ್ನು ಅದಲು ಬದಲು ಮಾಡುವಾಗ ಕಾಗುಣಿತವನ್ನು ಕಿತ್ತು ಬೇರೆ ಅಕ್ಷರಕ್ಕೆ ಅಂಟಿಸುತ್ತಾರೆ. ಹಾಗೆ ಮಾಡುವಂತಿಲ್ಲ. ‘ಕಾತರ’ದ ಅಕ್ಷರಗಳಿಂದ ‘ತಾರಕ’ ಬರುವುದಿಲ್ಲ. ಮೊದಲನೆಯದರಲ್ಲಿ ಇರುವುದು ‘ಕಾ’, ಎರಡನೆಯದಕ್ಕೆ ಬೇಕಾಗಿರುವುದು ‘ತಾ’. ಅಕ್ಷರ ಎಲ್ಲಿಗೆ ಹೋದರೂ ತನ್ನ ಕಾಗುಣಿತ, ಒತ್ತು, ಸೊನ್ನೆಗಳ ಜೊತೆಗೇ ಹೋಗುತ್ತದೆ.

2. ಸುಳಿವಿನ ಹೊಲಿಗೆ ಹುಡುಕಿ

ಈ ಇಡೀ ಲೇಖನದಲ್ಲಿ ಒಂದೇ ಒಂದು ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಒಗಟಿನ ಸುಳಿವು ಎಂದರೆ ಎರಡು ಬೇರೆ ಬೇರೆ ಬಟ್ಟೆ ತುಂಡುಗಳನ್ನು ಸೇರಿಸಿ ಹೊಲಿದ ಹಾಗೆ. ದೂರದಿಂದ ಒಂದೇ ಬಟ್ಟೆ ಅನಿಸಬೇಕು, ರಚಿಸಿದವರ ಆಸೆ ಅದು. ಹೊಲಿಗೆ ಎಲ್ಲಿದೆ ಎಂದು ಕಂಡುಹಿಡಿಯುವುದು ನಿಮ್ಮ ಕೆಲಸ.

ಈ ಸುಳಿವನ್ನು ನಿಧಾನವಾಗಿ ನೋಡೋಣ:

ಕಲಕಿದ ವನದ ಮುಖ (3)

ಓದಿದ ತಕ್ಷಣ ಮನಸ್ಸು ಕಾಡಿನ ಅಂಚಿಗೆ ಓಡುತ್ತದೆ. ಬಿರುಗಾಳಿ, ಅಲ್ಲಾಡುವ ಮರಗಳು, ಏನೇನೋ ಚಿತ್ರ. ಆ ಚಿತ್ರವನ್ನು ಅಳಿಸಿಬಿಡಿ. ಸುಳಿವನ್ನು ವಾಕ್ಯವಾಗಿ ಓದಬೇಡಿ, ಬಿಡಿ ಬಿಡಿ ಪದಗಳಾಗಿ ನೋಡಿ. ಅರ್ಥದ ಭಾಗ ಹೆಚ್ಚೂಕಡಿಮೆ ಯಾವಾಗಲೂ ಸುಳಿವಿನ ಶುರುವಿನಲ್ಲಿ ಇಲ್ಲವೇ ಕೊನೆಯಲ್ಲಿ ಇರುತ್ತದೆ, ನಡುವೆ ಇರುವುದಿಲ್ಲ. ಹಾಗಾಗಿ ಅರ್ಥ ‘ಕಲಕಿದ’ ಆಗಿರಬೇಕು, ಇಲ್ಲವೇ ‘ಮುಖ’ ಆಗಿರಬೇಕು. ‘ಕಲಕಿದ’ ಎಂಬುದು ಅಕ್ಷರ ಕಲಕಿ ಎನ್ನುವ ಸನ್ನೆಯ ಹಾಗೆ ಕಾಣುತ್ತದೆ. ಹಾಗಾದರೆ ಅರ್ಥ ‘ಮುಖ’. ನಡುವೆ ಉಳಿದದ್ದು ‘ವನದ’. ಎಣಿಸಿ: ವ, ನ, ದ. ಸರಿಯಾಗಿ ಮೂರು ಅಕ್ಷರ, ಉತ್ತರಕ್ಕೆ ಬೇಕಾದಷ್ಟೇ. ಹೊಲಿಗೆ ಸಿಕ್ಕಿತು.

ಈಗ ಹಾಳೆಯ ಮೇಲೆ ಆ ಮೂರು ಅಕ್ಷರಗಳನ್ನು ಬಗೆಬಗೆಯಾಗಿ ಬರೆಯಿರಿ. ವದನ, ನವದ, ನದವ, ದವನ, ದನವ. ಇದರಲ್ಲಿ ಎದ್ದು ಕಾಣುವ ಪದಗಳು ಎರಡು: ವದನ ಮತ್ತು ದವನ. ಮುಖಕ್ಕೆ ‘ವದನ’ ಸರಿ. ಅದೇ ಸುಳಿವು “ಕಲಕಿದ ವನದ ಪರಿಮಳ (3)” ಎಂದಿದ್ದರೆ ಉತ್ತರ ‘ದವನ’ ಆಗುತ್ತಿತ್ತು. ಉಪಾಯ ಅದೇ, ಅರ್ಥ ಬದಲಾಯಿತು, ಉತ್ತರವೂ ಬದಲಾಯಿತು. ಒಂದು ಭಾಗ ಇನ್ನೊಂದಕ್ಕೆ ಸಾಕ್ಷಿ ಹೇಳುವುದು ಹೀಗೆ. ಎರಡೂ ಒಪ್ಪಿದರೆ ಮಾತ್ರ ಬರೆಯಿರಿ. “ಮುಖಕ್ಕೆ ‘ಆನನ’ ಅಂತಲೂ ಹೇಳಬಹುದಲ್ಲ, ಅದಕ್ಕೂ ಮೂರೇ ಅಕ್ಷರ” ಎಂದು ಹಾಕಿಬಿಟ್ಟರೆ ಸುತ್ತಲಿನ ಉತ್ತರಗಳೆಲ್ಲ ಕೆಡುತ್ತವೆ.

3. ಉಪಾಯ ಯಾವುದೆಂದು ಗುರುತಿಸಿ

ಉಪಾಯಗಳು ನೂರಾರಿಲ್ಲ. ಕನ್ನಡದಲ್ಲಿ ಮುಖ್ಯವಾಗಿ ಬಳಕೆಗೆ ಬರುವುದು ಏಳು.

ಅಕ್ಷರ ಪಲ್ಲಟ. ಮೇಲೆ ನೋಡಿದ್ದು ಇದೇ. ಕಲಕಿದ, ಕದಡಿದ, ಅಸ್ತವ್ಯಸ್ತ, ಚೆಲ್ಲಾಪಿಲ್ಲಿ, ಗೊಂದಲ, ದಿಕ್ಕೆಟ್ಟ, ಅಮಲೇರಿದ, ಒಡೆದ ಮುಂತಾದವು ಇದರ ಸೂಚಕಗಳು. ಅಲ್ಲೋಲಕಲ್ಲೋಲವನ್ನು ಸೂಚಿಸುವ ಯಾವ ಪದ ಕಂಡರೂ ಅನುಮಾನಿಸಿ. “ಗೊಂದಲಗೊಂಡ ಮಗನ ಲಕ್ಷ್ಯ (3)” ಎಂದರೆ ‘ಮಗನ’ ಕಲಕಿ ‘ಗಮನ’.

ಹಿಮ್ಮುಖ. ಮರಳಿ, ಹಿಂದಿರುಗಿ, ತಿರುಗಿ, ವಾಪಸ್, ಉಲ್ಟಾ ಎಂದು ಬಂದರೆ ಪದವನ್ನು ಹಿಂದಿನಿಂದ ಓದಿ. ಮೇಲಿನಿಂದ ಕೆಳಕ್ಕೆ ಬರುವ ಉತ್ತರವಾದರೆ ‘ತಲೆಕೆಳಗಾಗಿ’, ‘ಮೇಲೇರಿ’ ಎಂದೂ ಹೇಳುತ್ತಾರೆ. “ಆನೆ ಹಿಂದಿರುಗಿದರೆ ಲೋಕ (2)”: ಆನೆ ಎಂದರೆ ಗಜ, ತಿರುಗಿಸಿದರೆ ಜಗ. “ಸೀತೆಯ ತಂದೆ ಮರಳಿದರೆ ಧಾನ್ಯ ತುಂಬುವ ಜಾಗ (3)”: ಜನಕ ತಿರುಗಿ ಕನಜ. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ. ಎರಡೂ ನಿತ್ಯ ಕಂಡ ಪದಗಳೇ, ಒಂದರೊಳಗೆ ಇನ್ನೊಂದು ಕೂತಿದೆ ಎಂದು ಗೊತ್ತಿರಲಿಲ್ಲ. ನದಿ–ದಿನ, ಸರ–ರಸ, ವನ–ನವ, ವರ–ರವ, ತಮ–ಮತ ಇವೆಲ್ಲ ಮತ್ತೆ ಮತ್ತೆ ಬರುವ ಜೋಡಿಗಳು. ಬರೆದಿಟ್ಟುಕೊಳ್ಳಿ.

ಅಡಗಿದ ಪದ. ಉತ್ತರ ನಿಮ್ಮ ಕಣ್ಣೆದುರೇ ಇರುತ್ತದೆ, ಎರಡು ಪದಗಳ ಸಂದಿಯಲ್ಲಿ. “ಅವನ ದಿನಚರಿಯಲ್ಲಿ ಅಡಗಿ ಹರಿಯುವವಳು (2)”: ಅವನ ದಿನಚರಿ ಎಂಬುದನ್ನು ಒಟ್ಟಿಗೆ ಬರೆದು ನೋಡಿ, ‘ನದಿ’ ಸಿಗುತ್ತಾಳೆ. “ಹೊಸ ಮರದ ನಡುವೆ ಯುದ್ಧ (3)”: ಹೊಸ ಮರದ, ಅದರಲ್ಲಿ ‘ಸಮರ’. ಒಳಗೆ, ನಡುವೆ, ಅಡಗಿದ, ತುಣುಕು, ಸ್ವಲ್ಪ ಇವು ಸೂಚಕಗಳು. ಪದಗಳ ನಡುವಿನ ಖಾಲಿ ಜಾಗ, ಅಲ್ಪವಿರಾಮ, ಪೂರ್ಣವಿರಾಮ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಕನ್ನಡಕ್ಕೇ ವಿಶೇಷವಾದ ಒಂದು ವಿಷಯ ಇಲ್ಲಿದೆ. ಅ, ಆ, ಇ, ಈ ಮುಂತಾದ ಸ್ವರಾಕ್ಷರಗಳು ಕನ್ನಡ ಪದದ ನಡುವೆ ಬರುವುದಿಲ್ಲ ಎಂದೇ ಹೇಳಬಹುದು, ಅಲ್ಲಿ ಕಾಗುಣಿತವಾಗಿ ಕರಗಿಹೋಗುತ್ತವೆ. ಹಾಗಾಗಿ ‘ಆನೆ’ಯನ್ನು ಇನ್ನೊಂದು ಪದದ ಹೊಟ್ಟೆಯಲ್ಲಿ ಬಚ್ಚಿಡಲು ಆಗುವುದಿಲ್ಲ. ಅಡಗಿದ ಉತ್ತರ ಸ್ವರದಿಂದ ಶುರುವಾಗುವುದಾದರೆ ಅದು ಸುಳಿವಿನ ಯಾವುದೋ ಪದದ ಮೊದಲ ಅಕ್ಷರದಿಂದಲೇ ಶುರುವಾಗಬೇಕು. ಹುಡುಕುವ ಜಾಗ ಎಷ್ಟು ಕಡಿಮೆಯಾಯಿತು ನೋಡಿ.

ಜೋಡಣೆ. ಚಿಕ್ಕ ಚಿಕ್ಕ ತುಂಡುಗಳನ್ನು ಸಾಲಾಗಿ ಇಡುವುದು. “ಆ ಮಾಲೆ ಹೊಟ್ಟೆ ತುಂಬಿಸುತ್ತದೆ (3)”: ಆ, ಅದರ ಪಕ್ಕ ಹಾರ, ಸೇರಿ ‘ಆಹಾರ’. ಇಲ್ಲಿ ಸೂಚಕವೇ ಇಲ್ಲ, ಅದಕ್ಕೇ ಕೆಲವರಿಗೆ ಇದು ಕಷ್ಟ. ತುಂಡುಗಳಾಗಿ ಬರುವ ಪದಗಳು ಮಾತ್ರ ಮತ್ತೆ ಮತ್ತೆ ಅವೇ. ಮನುಷ್ಯ ಎಂದರೆ ನರ, ಕೈ ಅಥವಾ ತೆರಿಗೆ ಎಂದರೆ ಕರ, ಮಾಲೆ ಎಂದರೆ ಹಾರ ಅಥವಾ ಸರ, ಕಾಡು ಎಂದರೆ ವನ, ಒಂಬತ್ತು ಎಂದರೆ ನವ, ನೂರು ಎಂದರೆ ಶತ. ಒಂದೇ ಅಕ್ಷರ ಬೇಕಾದಾಗ ಸಂಗೀತದ ಸ್ವರಗಳು ಬರುತ್ತವೆ: ಷಡ್ಜ ಎಂದರೆ ಸ, ರಿಷಭ ಎಂದರೆ ರಿ, ಗಾಂಧಾರ ಎಂದರೆ ಗ, ಮಧ್ಯಮ ಎಂದರೆ ಮ, ಪಂಚಮ ಎಂದರೆ ಪ, ನಿಷಾದ ಎಂದರೆ ನಿ. ಇಲ್ಲವೇ “ಕಡಲಿನ ತಲೆ” ಎಂದು ಹೇಳಿ ‘ಕ’ ಕೊಡುತ್ತಾರೆ.

ಒಳಸೇರಿಕೆ. ಒಂದು ಪದದ ಹೊಟ್ಟೆಯಲ್ಲಿ ಇನ್ನೊಂದು. ನುಂಗಿದ, ಅಪ್ಪಿದ, ಹೊಕ್ಕ, ಸುತ್ತುವರಿದ ಎಂದಿರುತ್ತದೆ. “ಮನುಷ್ಯನೊಳಗೆ ಗಾಂಧಾರ ಹೊಕ್ಕರೆ ಪಟ್ಟಣ (3)”: ನರದೊಳಗೆ ಗ, ನಗರ.

ಕಳೆಯುವಿಕೆ. ತಲೆಯಿಲ್ಲದ, ಬಾಲ ಕತ್ತರಿಸಿದ, ಹೃದಯ ಕಳೆದುಕೊಂಡ ಎಂದರೆ ಕ್ರಮವಾಗಿ ಮೊದಲ, ಕೊನೆಯ, ನಡುವಿನ ಅಕ್ಷರ ತೆಗೆಯಿರಿ. “ತಲೆ ಕಳೆದುಕೊಂಡ ಯುದ್ಧದಲ್ಲಿ ನೆರಳು ಕೊಡುವುದು (2)”: ಸಮರದಲ್ಲಿ ಸ ಹೋದರೆ ಮರ.

ಶ್ಲೇಷೆ. ಒಂದೇ ಪದಕ್ಕೆ ಎರಡು ಅರ್ಥ. ಇಂಗ್ಲಿಷ್ ಪದಬಂಧದಲ್ಲಿ ಉಚ್ಚಾರ ಒಂದೇ, ಕಾಗುಣಿತ ಬೇರೆ ಎನ್ನುವ ಪದಗಳ ಮೇಲೆ ತುಂಬ ಸುಳಿವು ಕಟ್ಟುತ್ತಾರೆ. ಕನ್ನಡದಲ್ಲಿ ಅದು ನಡೆಯುವುದಿಲ್ಲ, ನಾವು ಹೇಳಿದಂತೆ ಬರೆಯುತ್ತೇವಲ್ಲ. ಆದರೆ ಶ್ಲೇಷೆಯಲ್ಲಿ ನಮ್ಮ ಭಾಷೆ ಬಲು ಸಿರಿವಂತ. “ರಾಜನನ್ನೇ ಹುಡುಕು (3)” ಎಂದರೆ ಅರಸು. “ಪಕ್ಕದವರಿಗೆ ಪ್ರವಾಹ (2)” ಎಂದರೆ ನೆರೆ. “ಮಲಗಿದ್ದು ಸಾಕು, ವಾರ ಕಳೆಯಿತು (2)” ಎಂದರೆ ಏಳು. ಮುತ್ತು, ತೆರೆ, ಕರಿ, ಅಡಿ, ಬೇಡ, ಹತ್ತು, ಕೆರೆ, ಮಡಿ ಇವುಗಳಿಗೆ ಎಷ್ಟೆಷ್ಟು ಅರ್ಥ ಇದೆ ಎಂದು ಸುಮ್ನೆ ಒಮ್ಮೆ ಯೋಚಿಸಿ. ಸುಳಿವು ಎರಡು ಮೂರು ಪದಗಳಷ್ಟೇ ಇದ್ದು, ಸೂಚಕ ಯಾವುದೂ ಕಾಣದಿದ್ದರೆ ಮೊದಲು ಶ್ಲೇಷೆಯನ್ನೇ ಅನುಮಾನಿಸಿ.

ಇವನ್ನು ಬೆರೆಸಿಯೂ ಬಳಸುತ್ತಾರೆ. ಅದಕ್ಕೊಂದು ಉದಾಹರಣೆ ಮುಂದೆ ಬರುತ್ತದೆ.

4. ಪ್ರತ್ಯಯದ ಬಲೆ

ಕನ್ನಡದಲ್ಲಿ ಪದದ ಬಾಲಕ್ಕೆ ‘ದ’, ‘ಗೆ’, ‘ನ್ನು’, ‘ಲ್ಲಿ’ ಅಂಟಿಕೊಂಡೇ ಇರುತ್ತವೆ. ಈ ಬಾಲ ಕಚ್ಚಾ ಮಾಲಿನ ಭಾಗವೋ, ಬರೀ ವಾಕ್ಯ ಕೂಡಿಸುವ ಅಂಟೋ? ಪ್ರತಿ ಸುಳಿವಿಗೂ ಈ ಪ್ರಶ್ನೆ ಕೇಳಿಕೊಳ್ಳಬೇಕು. “ಕಲಕಿದ ವನದ ಮುಖ” ಎಂಬಲ್ಲಿ ‘ದ’ ಬೇಕೇ ಬೇಕು, ಅದಿಲ್ಲದೆ ವದನ ಆಗುವುದಿಲ್ಲ. “ಹೊಸ ಮರದ ನಡುವೆ ಯುದ್ಧ” ಎಂಬಲ್ಲಿ ಅದೇ ‘ದ’ ಬರೀ ಅಂಟು. ನೋಡಲು ಎರಡೂ ಒಂದೇ ಥರ.

ಇದಕ್ಕೆ ಸುಲಭದ ಪರೀಕ್ಷೆ ಎಣಿಕೆ. ಪಲ್ಲಟದ ಸುಳಿವಾದರೆ ಕಚ್ಚಾ ಮಾಲಿನ ಅಕ್ಷರಗಳು ಉತ್ತರದಷ್ಟೇ ಇರಬೇಕು. ಬಾಲ ಸೇರಿಸಿ ಎಣಿಸಿ, ಬಾಲ ಬಿಟ್ಟು ಎಣಿಸಿ. ಯಾವುದು ಹೊಂದುತ್ತದೋ ಅದು.

ಇದೇ ಬಾಲ ಉತ್ತರದ ರೂಪವನ್ನೂ ಹೇಳುತ್ತದೆ. ಅರ್ಥದ ಭಾಗ ಬಹುವಚನದಲ್ಲಿದ್ದರೆ ಉತ್ತರವೂ ಬಹುವಚನ, ಕೊನೆಯಲ್ಲಿ ‘ಗಳು’ ಅಥವಾ ‘ರು’ ಬರಬಹುದು. ಕ್ರಿಯಾಪದವಾದರೆ ಕಾಲ ಹೊಂದಬೇಕು. “ಓಡಿದ” ಎಂದು ಅರ್ಥ ಕೊಟ್ಟು “ಓಡು” ಎಂಬ ಉತ್ತರ ಬಯಸುವುದು ನ್ಯಾಯವಲ್ಲ, ಒಳ್ಳೆಯ ರಚನೆಕಾರರು ಹಾಗೆ ಮಾಡುವುದಿಲ್ಲ.

5. ಅಡ್ಡ ಅಕ್ಷರಗಳಿಂದ ಲಾಭ ಪಡೆಯಿರಿ

ಎಡದಿಂದ ಬಲಕ್ಕೆ ಬರುವ 1ನೇ ಸುಳಿವನ್ನು ಮೊದಲು ಬಿಡಿಸಿಯೇ ಮುಂದಕ್ಕೆ ಹೋಗುತ್ತೇನೆ ಎಂದು ಹಟ ಮಾಡಬೇಡಿ. ಎಲ್ಲ ಸುಳಿವುಗಳನ್ನೂ ಒಮ್ಮೆ ಬೇಗ ಓದಿ. ಅಡಗಿದ ಪದ, ಪಲ್ಲಟ ಇವೆರಡು ಬೇಗ ಕಣ್ಣಿಗೆ ಬೀಳುತ್ತವೆ, ಅವನ್ನು ಮೊದಲು ಮುಗಿಸಿ. ಆಮೇಲೆ ತುಂಬಿದ ಚೌಕಗಳ ಪಕ್ಕದಲ್ಲೇ ಕೆಲಸ ಮುಂದುವರಿಸಿ.

ಸಮಾನಾರ್ಥಕ ಪದಗಳ ವಿಷಯದಲ್ಲಿ ಎಚ್ಚರ. ತಾವರೆಗೆ ಮೂರಕ್ಷರದ ಪದ ಎಂದರೆ ಕಮಲ, ಜಲಜ, ಅಂಬುಜ, ವಾರಿಜ, ನೀರಜ, ಪಂಕಜ, ಸರೋಜ. ಯಾವುದನ್ನು ಹಾಕುತ್ತೀರಿ? ಯಾವುದನ್ನೂ ಬೇಡ. ಏಳರಲ್ಲಿ ಆರು ‘ಜ’ದಿಂದ ಮುಗಿಯುತ್ತವೆ, ಹಾಗಾಗಿ ಮೂರನೇ ಚೌಕದಲ್ಲಿ ತೆಳುವಾಗಿ ‘ಜ’ ಬರೆದು ಮುಂದೆ ಹೋಗಿ. ಅಡ್ಡ ಬರುವ ಉತ್ತರ ಉಳಿದದ್ದನ್ನು ಹೇಳುತ್ತದೆ.

ಈ ‘ಜ’ದ ಹಿಂದೆ ಒಂದು ಚೆಂದದ ಲೆಕ್ಕ ಇದೆ. ‘ಜ’ ಎಂದರೆ ಹುಟ್ಟಿದ್ದು, ‘ದ’ ಎಂದರೆ ಕೊಡುವುದು, ‘ಧಿ’ ಎಂದರೆ ತುಂಬಿಟ್ಟುಕೊಂಡದ್ದು. ನೀರಿನ ಹೆಸರುಗಳಿಗೆ ಇವನ್ನು ಅಂಟಿಸುತ್ತಾ ಹೋಗಿ. ಜಲಜ, ಅಂಬುಜ, ವಾರಿಜ ಎಂದರೆ ತಾವರೆ. ಜಲದ, ಅಂಬುದ, ವಾರಿದ ಎಂದರೆ ಮೋಡ. ಜಲಧಿ, ಅಂಬುಧಿ, ವಾರಿಧಿ ಎಂದರೆ ಸಮುದ್ರ. ನೀರಿನ ಮೂರು ಹೆಸರು ಗೊತ್ತಿದ್ದರೆ ಒಂಬತ್ತು ಉತ್ತರ ಕೈಯಲ್ಲಿ! ಬಾಯಿಪಾಠ ಮಾಡುವ ಬದಲು ಹೀಗೆ ಬೇರು ಹಿಡಿದು ಕಲಿತರೆ ಮರೆಯುವುದಿಲ್ಲ.

ತಪ್ಪು ಹಿಡಿಯಲು ಮೂರು ಗುರುತುಗಳನ್ನು ನೆನಪಿಟ್ಟುಕೊಳ್ಳಿ. ಅಡ್ಡ ಪದದ ನಡುವಿನ ಚೌಕದಲ್ಲಿ ಅ, ಆ, ಇ, ಉ ಥರದ ಸ್ವರ ಬಂದು ಕೂತಿದ್ದರೆ ಎರಡರಲ್ಲಿ ಒಂದು ಉತ್ತರ ತಪ್ಪಿರುವ ಸಾಧ್ಯತೆ ಜಾಸ್ತಿ. ಮ್ಮ, ಲ್ಲ, ತ್ತ ಥರದ ಒತ್ತಕ್ಷರ ಯಾವುದೇ ಪದದ ಮೊದಲ ಚೌಕದಲ್ಲಿ ಬರುವುದಿಲ್ಲ. ಪ್ರ, ಕ್ರ, ಸ್ವ ಬರಬಹುದು, ಅದು ಬೇರೆ. ಮತ್ತೆ ಣ, ಳ ಅಕ್ಷರಗಳಿಂದ ಶುರುವಾಗುವ ಪದ ಕನ್ನಡದಲ್ಲಿ ಹೆಚ್ಚೂಕಡಿಮೆ ಇಲ್ಲ. ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದೆ ಹೋಗಬೇಡಿ, ರಬ್ಬರ್ ಎತ್ತಿಕೊಳ್ಳಿ.

6. ಗುಟ್ಟಿನ ಎಳೆ ಹಿಡಿಯುವುದು

ಅರ್ಧದಷ್ಟು ತುಂಬಿದ ಮೇಲೆ ಪೆನ್ಸಿಲ್ ಕೆಳಗಿಡಿ. ಇಲ್ಲಿಯವರೆಗೆ ಒಂದೊಂದು ಸುಳಿವನ್ನು ನೋಡಿದಿರಿ. ಈಗ ಇಡೀ ಪದಬಂಧವನ್ನು ಒಟ್ಟಿಗೆ ನೋಡಿ.

ಎಳೆಗಳು ಹಲವು ಥರ. ಉತ್ತರಗಳೆಲ್ಲ ಒಂದೇ ಗುಂಪಿಗೆ ಸೇರಿರಬಹುದು: ಎಲ್ಲವೂ ನದಿಗಳು, ಎಲ್ಲವೂ ರಾಗಗಳು. ಇದು ಸುಲಭದ್ದು. ಅದಕ್ಕಿಂತ ಚೆಂದದ್ದು, ಉತ್ತರಗಳ ಒಳಗೆ ಒಂದೇ ತುಂಡು ಅಡಗಿರುವುದು. ಇನ್ನೊಂದು ಥರದಲ್ಲಿ ಸುಳಿವುಗಳ ಮೊದಲ ಅಕ್ಷರಗಳನ್ನು ಸಾಲಾಗಿ ಓದಿದರೆ ಒಂದು ಮಾತು ಹೊರಡುತ್ತದೆ. ಮತ್ತೊಂದರಲ್ಲಿ ಚೌಕಗಳ ಅಂಚಿನಲ್ಲೋ ಮೂಲೆಯಿಂದ ಮೂಲೆಗೋ ಸಂದೇಶ ಇರುತ್ತದೆ. ಇಂಗ್ಲಿಷ್ ಪದಬಂಧದವರು ಇಂಥ ಗುಟ್ಟಿನ ಸಂದೇಶವನ್ನು ‘ನೀನಾ’ ಎನ್ನುತ್ತಾರೆ. ಅಮೆರಿಕದ ವ್ಯಂಗ್ಯಚಿತ್ರಕಾರ ಅಲ್ ಹರ್ಷ್‌ಫೆಲ್ಡ್ ತಮ್ಮ ಚಿತ್ರಗಳ ಗೆರೆಗಳಲ್ಲಿ ಮಗಳು ನೀನಾಳ ಹೆಸರನ್ನು ಬಚ್ಚಿಡುತ್ತಿದ್ದರು. ಹೆಸರು ಅಲ್ಲಿಂದ ಬಂತು.

ಹುಡುಕುವ ಬಗೆಯನ್ನು ಒಂದು ಉದಾಹರಣೆಯಲ್ಲೇ ತೋರಿಸುತ್ತೇನೆ. ಪದಬಂಧದ ಶೀರ್ಷಿಕೆ ‘ಹಸಿರು ತುದಿ’ ಎಂದಿಟ್ಟುಕೊಳ್ಳಿ. ನೀವು ಇಷ್ಟು ಬಿಡಿಸಿದ್ದೀರಿ:

ಪ್ರಾಣಕ್ಕೆ ನಗುವಿನ ಆರಂಭ ಸೇರಿದರೆ ಬಾಳು (3). ಜೀವ, ನ: ಜೀವನ.

ನಭವ ಕಲಕಿ ಕಟ್ಟಿದ ದೊಡ್ಡ ಮನೆ (3). ನಭವ ಪಲ್ಲಟವಾಗಿ ಭವನ.

ಲೋಕವನರಿತವರ ಒಳಗೆ ಅಡಗಿದ ಪದ್ಯ (3). ಲೋಕವನರಿತ, ಅದರೊಳಗೆ ಕವನ.

ಉತ್ತರಗಳನ್ನು ಹಾಳೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ. ಇದನ್ನು ಬಿಡಲೇಬೇಡಿ, ಚೌಕಗಳಲ್ಲಿ ಚದುರಿದ್ದಾಗ ಕಾಣದ್ದು ಪಟ್ಟಿಯಲ್ಲಿ ಎದ್ದು ಕಾಣುತ್ತದೆ.

ಜೀವನ
ಭವನ
ಕವನ

ಅರ್ಥದಲ್ಲಿ ಇವಕ್ಕೆ ಸಂಬಂಧವೇ ಇಲ್ಲ. ಕೊನೆಯ ಎರಡು ಅಕ್ಷರ ನೋಡಿ: ವನ, ವನ, ವನ. ಶೀರ್ಷಿಕೆ ಏನು? ಹಸಿರು ತುದಿ. ತುದಿಯಲ್ಲಿ ಕಾಡು. ಸಿಕ್ಕಿತು! ರಚಿಸಿದವರು ಮೂರು ಸುಳಿವುಗಳಲ್ಲೂ ಕಾಡು ಎಂಬ ಮಾತು ಬರದ ಹಾಗೆ ನೋಡಿಕೊಂಡಿದ್ದಾರೆ, ಅದನ್ನೂ ಗಮನಿಸಿ. ಗುಟ್ಟು ಕಾಪಾಡುವುದು ಹಾಗೆ.

ಈಗ ಎಳೆ ನಿಮಗೆ ಕೆಲಸ ಮಾಡಿಕೊಡಬೇಕು. ಬಿಡಿಸಲಾಗದೆ ಉಳಿದಿದ್ದ ಸುಳಿವು ಇದು:

ಅರ್ಧ ಪಾಪ ಕಳೆದು ಒಂಬತ್ತು ಮರಳಿದರೆ ಶುದ್ಧ (3)

ಮೊದಲು ನೋಡಿದಾಗ ಏನೂ ಹೊಳೆಯಲಿಲ್ಲ. ಈಗ ಕೊನೆಯಲ್ಲಿ ‘ವನ’ ಇರಬಹುದು ಎಂದು ಹಿಡಿದು ಹಿಂದಕ್ಕೆ ನಡೆಯಿರಿ. ವನ ಎಲ್ಲಿಂದ ಬರುತ್ತದೆ? ಒಂಬತ್ತು ಎಂದರೆ ನವ, ಮರಳಿದರೆ ವನ. ಸರಿ. ‘ಪಾಪ’ದಲ್ಲಿ ಅರ್ಧ ಕಳೆದರೆ ಪಾ. ಸೇರಿಸಿದರೆ ಪಾವನ, ಅರ್ಥ ಶುದ್ಧ. ಕಳೆಯುವಿಕೆ, ಹಿಮ್ಮುಖ, ಜೋಡಣೆ ಮೂರೂ ಒಂದೇ ಸುಳಿವಿನಲ್ಲಿವೆ. ಮೇಲೆ ಹೇಳಿದ್ದ ಬೆರಕೆಯ ಉದಾಹರಣೆ ಇದೇ.

ಎಳೆಯ ಉತ್ತರಗಳು ಎಲ್ಲೆಂದರಲ್ಲಿ ಇರುವುದಿಲ್ಲ. ಹೆಚ್ಚಿನ ಪದಬಂಧಗಳ ಚೌಕಗಳು ಹಾಳೆಯನ್ನು ತಲೆಕೆಳಗು ಮಾಡಿದರೂ ಒಂದೇ ಥರ ಕಾಣುತ್ತವೆ. ಮೇಲೆ ಎಡಗಡೆ ಎಳೆಯ ಉತ್ತರ ಸಿಕ್ಕಿದ್ದರೆ ಕೆಳಗೆ ಬಲಗಡೆ, ಅದರ ಜೋಡಿ ಜಾಗದಲ್ಲಿ ಇನ್ನೊಂದು ಇರುವ ಸಾಧ್ಯತೆ ಜಾಸ್ತಿ. ಅಲ್ಲಿಗೆ ಹೋಗಿ ನೋಡಿ.

ಒಂದು ದೊಡ್ಡ ಬಲೆ ಇಲ್ಲಿದೆ. ಎಳೆ ಸಿಕ್ಕ ಸಂಭ್ರಮದಲ್ಲಿ ಎಲ್ಲ ಕಡೆಯೂ ಅದೇ ಕಾಣತೊಡಗುತ್ತದೆ. “ಗಾಳಿ (3)” ಎಂಬ ನೇರ ಸುಳಿವು ಕಂಡ ಕೂಡಲೇ ‘ಪವನ’ ಎಂದು ಬರೆದುಬಿಡುತ್ತೀರಿ. ಅದು ಅನಿಲ ಆಗಿರಬಹುದು, ಸಮೀರ ಆಗಿರಬಹುದು, ಮಾರುತ ಆಗಿರಬಹುದು. ಎಲ್ಲವೂ ಮೂರಕ್ಷರವೇ. ಎಲ್ಲ ಉತ್ತರಗಳೂ ಎಳೆಗೆ ಸೇರಿರಬೇಕೆಂದಿಲ್ಲ, ಬಹುಪಾಲು ಸೇರಿರುವುದಿಲ್ಲ. ಎಳೆ ದಾರಿ ತೋರಿಸಲಿ, ತೀರ್ಪನ್ನು ಉಪಾಯ ಮತ್ತು ಅಡ್ಡ ಅಕ್ಷರಗಳೇ ಕೊಡಲಿ.

7. ಸಿಕ್ಕಿಹಾಕಿಕೊಂಡರೆ

ಒಂದೇ ಸುಳಿವನ್ನು ಹತ್ತು ನಿಮಿಷ ದಿಟ್ಟಿಸಬೇಡಿ. ಎದ್ದು ಬೇರೆ ಕೆಲಸ ಮಾಡಿ ಬನ್ನಿ. ಬಂದಾಗ ಮೊದಲು ಮಾಡಿದ ಓದು ಮರೆತಿರುತ್ತದೆ, ಹೊಸ ಹೊಲಿಗೆ ಕಾಣುತ್ತದೆ. ಆಗಲೂ ಆಗದಿದ್ದರೆ ಅರ್ಥ ಶುರುವಿನಲ್ಲಿದೆ ಎಂದುಕೊಂಡಿದ್ದನ್ನು ಕೊನೆಗೆ ಬದಲಾಯಿಸಿ ನೋಡಿ. ಆಮೇಲೆ ನಿಘಂಟು ತೆರೆಯಿರಿ, ನಾಚಿಕೆ ಬೇಡ.

ಉತ್ತರ ಪ್ರಕಟವಾದಾಗ ತಪ್ಪದೆ ನೋಡಿ. “ಓ, ಇದಾ” ಎಂದು ಬಿಟ್ಟುಬಿಡಬೇಡಿ. ಆ ಉತ್ತರ ಹೇಗೆ ಬಂತು ಎಂದು ಉಪಾಯವನ್ನು ಬಿಡಿಸಿ, ಸೂಚಕ ಯಾವುದಿತ್ತೆಂದು ಒಂದು ಪುಸ್ತಕದಲ್ಲಿ ಬರೆಯಿರಿ. ಬಿಡಿಸಿದ ಸುಳಿವಿಗಿಂತ ಬಿಡಿಸಲಾಗದ ಸುಳಿವು ಜಾಸ್ತಿ ಕಲಿಸುತ್ತದೆ. ದಿನವೂ ಒಂದೇ ಕಡೆಯ ಪದಬಂಧ ಮಾಡಿದರೆ ರಚಿಸುವವರ ಕೈಚಳಕವೂ ನಿಧಾನವಾಗಿ ಪರಿಚಯವಾಗುತ್ತದೆ.

8. ಈಗ ನಿಮ್ಮ ಸರದಿ

ನಾಲ್ಕು ಸುಳಿವು ಕೊಟ್ಟಿದ್ದೇನೆ. ಕೆಳಗಿನ ಉತ್ತರ ನೋಡುವ ಮೊದಲು ಪ್ರಯತ್ನಿಸಿ. ಇವುಗಳಲ್ಲೂ ಒಂದು ಎಳೆ ಇದೆ.

ಅ) ಪಂಚಮದ ಬಳಿಕ ಕಾಡು ಸಿಕ್ಕರೆ ಗಾಳಿ (3)

ಆ) ಮನದ ಗೊಂದಲವನ್ನು ಅಡಗಿಸುವಿಕೆ (3)

ಇ) ಹಡಗು ನಿಲ್ಲುವಲ್ಲಿಗೆ ಅವರು ಆಗಮಿಸಿದರು (3)

ಈ) ಉರುವಲಿನ ಮೊದಲ ತುಣುಕು ಸುಟ್ಟುಹೋದರೆ ಉಳಿಯುವುದು ಸಂಪತ್ತು (2)

ಉತ್ತರಗಳು:

ಅ) ಪಂಚಮ ಎಂದರೆ ಪ, ಕಾಡು ಎಂದರೆ ವನ. ಪವನ.

ಆ) ‘ಮನದ’ ಪಲ್ಲಟವಾಗಿ ದಮನ. ‘ವನ್ನು’ ಬರೀ ಅಂಟು. ನೀವು ‘ಮದನ’ ಎಂದು ಬರೆದಿದ್ದರೆ ಪಲ್ಲಟ ಸರಿ, ಅರ್ಥ ತಪ್ಪು.

ಇ) ಶ್ಲೇಷೆ. ಹಡಗು ನಿಲ್ಲುವ ಜಾಗವೂ ಬಂದರು, ಅವರು ಆಗಮಿಸಿದರು ಎಂದರೂ ಬಂದರು.

ಈ) ಉರುವಲು ಎಂದರೆ ಇಂಧನ. ಮೊದಲ ಅಕ್ಷರ ‘ಇಂ’ ಹೋದರೆ ಧನ.

ಇನ್ನು ಎಳೆ. ನಾಲ್ಕೂ ಉತ್ತರಗಳನ್ನು ಒಂದರ ಕೆಳಗೊಂದು ಬರೆಯಿರಿ. ಈಗ ಮೊದಲ ಚೌಕಗಳನ್ನಷ್ಟೇ ಮೇಲಿನಿಂದ ಕೆಳಕ್ಕೆ ಓದಿ.